ಕ್ಯಾಮೆರಾಕ್ಕೆ ಕಾಣದ ಕೈ

ಇಂಥ ಕಥೆಗಳನ್ನು ಯಾರಾದರೂ ಶುರುಮಾಡಿದರೆ ಎದ್ದು ಹೋಗುವವನು ನಾನು. ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದ ಮೇಲೆ ಒಬ್ಬರಲ್ಲ ಒಬ್ಬರು ಇದನ್ನು ತೆಗೆಯುತ್ತಿದ್ದರು. ಸತ್ತ ಅಜ್ಜಿ ಕನಸಿನಲ್ಲಿ ಬಂದು ಒಡವೆ ಇಟ್ಟ ಜಾಗ ಹೇಳಿದಳಂತೆ, ಹೊಲದ ಬದುವಿನ ಮೇಲೆ ಬಿಳೀ ಸೀರೆ ಕಂಡಿತಂತೆ. 'ಅಜ್ಜಿ ಬೀರುವಿನ ಕೀಲಿಕೈ ಎಲ್ಲಿದೆ ಅಂತ ಹೇಳಲಿಲ್ವೇ?' ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದೆ. ಹೊಳೆನರಸೀಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಕಲಿಸಿದವನು ನಾನು. ಶಾಖ ಹರಡುವ ಮೂರು ವಿಧಾನಗಳನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ವಹನ, ಸಂವಹನ, ವಿಕಿರಣ. ನಾಲ್ಕನೆಯದೊಂದಿದೆ ಎಂದು ಯಾರಾದರೂ ಬರೆದಿದ್ದರೆ ಸೊನ್ನೆ ಸುತ್ತುತ್ತಿದ್ದೆ.

ಈಗ ನಾನು ಹೇಳುವುದರಲ್ಲಿ ದೆವ್ವವಿಲ್ಲ, ಕನಸಿಲ್ಲ. ನಾನು ಮಾಡಿದ ಒಂದು ತಪ್ಪಿದೆ, ಮಾರನೆಯ ಬೆಳಗ್ಗೆ ಒಂದು ಯಂತ್ರ ತೋರಿಸಿದ ಚಿತ್ರವಿದೆ. ಎರಡಕ್ಕೂ ಸಂಬಂಧ ಉಂಟೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಚಿತ್ರದ ವಿಷಯವನ್ನು ಒಂದಿಬ್ಬರಿಗೆ ಹೇಳಿದ್ದೇನೆ. ತಪ್ಪಿನ ವಿಷಯವನ್ನು ಹೇಳುತ್ತಿರುವುದು ಇದೇ ಮೊದಲು.

ಎರಡು ಸಾವಿರದ ಏಳೋ ಎಂಟೋ ಇರಬೇಕು, ಧನುರ್ಮಾಸದ ದಿನಗಳು. ಹಾಸನದ ಹೊಸ ಬಡಾವಣೆಯೊಂದರಲ್ಲಿ ನಾನು ಮನೆ ಕಟ್ಟಿಸಿ ಹತ್ತು ವರ್ಷವಾಗಿತ್ತು. ಒಂಬತ್ತಿಂಚಿನ ಗೋಡೆ, ಸುಟ್ಟ ಇಟ್ಟಿಗೆ, ತಾರಸಿಯ ಮೇಲೆ ದಪ್ಪನೆ ಗಾರೆ. ನೆಂಟರು ಬಂದರೆ ಕಾಫಿಗೂ ಮೊದಲು ಮನೆ ತೋರಿಸುವುದು ನನ್ನ ಚಟ. 'ಬೇಸಿಗೇಲಿ ಫ್ಯಾನ್ ಬೇಡ, ಚಳೀಲಿ ರಗ್ಗು ಬೇಡ' ಎಂದು ಗೋಡೆಗೆ ಬಡಿದು ಬಡಿದು ಹೇಳುತ್ತಿದ್ದೆ. ನನ್ನ ಹೆಂಡತಿ ಸರೋಜ ಒಳಗಿನಿಂದಲೇ, 'ಪಾಪ, ಅವರಿಗೆ ಕೂರೋಕಾದ್ರೂ ಹೇಳ್ರಿ' ಎನ್ನುತ್ತಿದ್ದಳು.

ಹರೀಶ ನನ್ನ ಹಳೆಯ ವಿದ್ಯಾರ್ಥಿ. ಹಾಸನದಲ್ಲೇ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ. ಶಾಖವನ್ನು ಬಣ್ಣವಾಗಿ ತೋರಿಸುವ ಒಂದು ಕ್ಯಾಮೆರಾವನ್ನು ಬೆಂಗಳೂರಿನಿಂದ ಒಂದು ವಾರದ ಮಟ್ಟಿಗೆ ತಂದಿದ್ದ. ಥರ್ಮಲ್ ಕ್ಯಾಮೆರಾ ಎಂದ. ಬಿಸಿಯಿದ್ದ ಕಡೆ ಹಳದಿ, ಕೆಂಪು. ತಣ್ಣಗಿದ್ದ ಕಡೆ ನೀಲಿ. ಮಣ್ಣಿನ ಗೋಡೆಯ ಮನೆ, ಹೆಂಚಿನ ಮನೆ, ತಾರಸಿ ಮನೆ ಹೀಗೆ ಕೆಲವನ್ನು ಆರಿಸಿಕೊಂಡು ಯಾವುದರಲ್ಲಿ ಶಾಖ ಎಲ್ಲಿ ಸೋರುತ್ತದೆ, ಕರೆಂಟು ಎಲ್ಲಿ ದಂಡವಾಗುತ್ತದೆ ಎಂದು ವರದಿ ಬರೆಯುತ್ತಿದ್ದ. 'ಚೆನ್ನಾಗಿ ಬಂದ್ರೆ ತಾರಸಿ ಮನೇಲಿ ನಿಮ್ದೇ ಮಾದರಿ ಅಂತ ಹಾಕ್ತೀನಿ ಸಾರ್' ಎಂದ. ನನಗೆ ಅಷ್ಟು ಸಾಕಾಯಿತು.

ಹೋಗುವಾಗ ಒಂದು ಹಾಳೆ ಕೊಟ್ಟ. ಮನೆಯನ್ನು ಹೇಗೆ ಸಿದ್ಧಮಾಡಿ ಇಟ್ಟಿರಬೇಕು ಎಂದು ಕನ್ನಡದಲ್ಲೇ ಟೈಪ್ ಮಾಡಿತ್ತು. ಹಿಂದಿನ ಸಂಜೆಯಿಂದ ಒಲೆ, ಗೀಜರ್, ಇಸ್ತ್ರಿ ಪೆಟ್ಟಿಗೆ ಹಚ್ಚಬಾರದು. ಕಿಟಕಿ ಬಾಗಿಲು ಭದ್ರವಾಗಿ ಹಾಕಿರಬೇಕು. ಬೀರು, ಮಂಚಗಳನ್ನು ಗೋಡೆಯಿಂದ ಈಚೆಗೆ ಎಳೆದಿರಬೇಕು, ಫೋಟೋ ಕ್ಯಾಲೆಂಡರ್ ಇಳಿಸಿರಬೇಕು. ಗೋಡೆಗೆ ಬಿಸಿಲು ಬೀಳುವ ಮೊದಲೇ, ಬೆಳಗಿನ ಐದೂವರೆಗೆ ಬರುತ್ತೇನೆ ಎಂದಿದ್ದ. ಹಾಳೆಯ ಕೊನೆಯ ಸಾಲು ಹೀಗಿತ್ತು: 'ಶಾಖ ಕೊಡುವ ಎಲ್ಲವನ್ನೂ ಮನೆಯಿಂದ ಹೊರಗಿಡಿ.'

ಆ ಸಾಲು ಓದಿ ನಾನು ತಲೆಯೆತ್ತಿ ದೊಡ್ಡವ್ವನನ್ನು ನೋಡಿದೆ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಅರಕಲಗೂಡಿನ ಹತ್ತಿರದ ಹಳ್ಳಿಯವಳು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವ್ವ ತೀರಿಕೊಂಡಳು. ಗಂಡನೂ ಮಕ್ಕಳೂ ಇಲ್ಲದ ದೊಡ್ಡವ್ವನೇ ನನ್ನನ್ನು ಸಾಕಿ ಓದಿಸಿದಳು. ಮನೆ ಕಟ್ಟಿಸಿದ ಮೇಲೆ ಅವಳನ್ನು ಕರೆದುಕೊಂಡು ಬಂದಿದ್ದೆ. ಆ ಹೊತ್ತಿಗೆ ಎಂಬತ್ತು ದಾಟಿತ್ತು. ಒಂದೊಂದು ದಿನ ತಾನು ಹಾಸನದಲ್ಲಿರುವುದು ನೆನಪಿರುತ್ತಿತ್ತು, ಒಂದೊಂದು ದಿನ ದನ ಹೊಡಕೊಂಡು ಬಂದೆಯಾ ಎಂದು ಕೇಳುತ್ತಿದ್ದಳು. ಅವಳಿಗೆ ಸದಾ ಚಳಿ. ಕೈ ಮುಟ್ಟಿದರೆ ಬಾವಿಯ ನೀರು ಮುಟ್ಟಿದ ಹಾಗೆ. ನನ್ನ ಒಂಬತ್ತಿಂಚಿನ ಗೋಡೆ ಅವಳ ಪಾಲಿಗೆ ಏನೂ ಕೆಲಸ ಮಾಡುತ್ತಿರಲಿಲ್ಲ. ಕಾರ್ತೀಕ ಮುಗಿದದ್ದೇ ತಡ, ಗಾರೆಯವರು ಬಿಟ್ಟುಹೋದ ಹಳೆಯ ಬಾಂಡ್ಲಿಯೊಂದರಲ್ಲಿ ಕೆಂಡ ಹಾಕಿಸಿಕೊಂಡು ಮಂಚದ ಪಕ್ಕ ಇಟ್ಟುಕೊಳ್ಳುತ್ತಿದ್ದಳು. ಅದರ ಹೊಗೆಗೆ ಹಾಲಿನ ಗೋಡೆಯ ಮೇಲೆ ಮೊರದಗಲ ಕಪ್ಪು ಹತ್ತಿತ್ತು.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ಶಾಲೆಗೆ ಇನ್‌ಸ್ಪೆಕ್ಷನ್ ಎಂದರೆ ಮೇಷ್ಟ್ರುಗಳು ಏನು ಮಾಡುತ್ತೇವೆ ಗೊತ್ತೇ? ಬಿರುಕಿಗೆ ಸುಣ್ಣ ಬಳಿಸುತ್ತೇವೆ. ಮುರಿದ ಬೆಂಚನ್ನು ಹಿಂದಕ್ಕೆ ತಳ್ಳಿ ಅದರ ಮುಂದೆ ಚಾರ್ಟು ನೇತುಹಾಕುತ್ತೇವೆ. ಮುಖ್ಯವಾದ ಇನ್ನೊಂದು ಕೆಲಸವಿದೆ. ಓದಲು ಬಾರದ ನಾಲ್ಕೈದು ಮಕ್ಕಳನ್ನು ಹಿಂದಿನ ಸಂಜೆ ಮೆಲ್ಲಗೆ ಕರೆದು, 'ನಾಳೆ ನೀವು ಬರೋದು ಬೇಡ' ಎನ್ನುತ್ತೇವೆ. ಅವು ರಜೆ ಸಿಕ್ಕಿತೆಂದು ಖುಷಿಯಾಗಿ ಹೋಗುತ್ತವೆ ಎಂದು ನಮ್ಮನ್ನು ನಾವೇ ನಂಬಿಸಿಕೊಂಡಿರುತ್ತೇವೆ. ಅಷ್ಟು ವರ್ಷ ಅದನ್ನು ಮಾಡಿ ಮಾಡಿ ಇನ್‌ಸ್ಪೆಕ್ಷನ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಯಾವುದನ್ನು ಮುಚ್ಚಲಿ, ಯಾರನ್ನು ಕಳಿಸಲಿ ಎಂದು ನನ್ನ ಕಣ್ಣು ತಾನಾಗಿ ಹುಡುಕುತ್ತಿತ್ತು. ಬಚ್ಚಲ ಪಕ್ಕದ ತೇವದ ಗೋಡೆಗೆ ಎರಡು ದಿನ ಮೊದಲೇ ಡಿಸ್ಟೆಂಪರ್ ಹೊಡೆಸಿದೆ. ಕಪ್ಪು ಹತ್ತಿದ ಗೋಡೆಗೂ ಒಂದು ಕೈ ಬಳಿಸಿದೆ. ಉಳಿದವಳು ದೊಡ್ಡವ್ವ.

ಅವಳಿದ್ದರೆ ಕೆಂಡ ಬೇಕು. ಕೆಂಡವಿದ್ದರೆ ಗೋಡೆ ಬಿಸಿ. ಗೋಡೆ ಬಿಸಿಯಾದರೆ ನನ್ನ ಮನೆ ಮಾದರಿ ಮನೆಯಲ್ಲ. ನನ್ನ ಲೆಕ್ಕ ಇಷ್ಟು ಸರಳವಾಗಿತ್ತು. ಶಾಂತಿಗ್ರಾಮದಲ್ಲಿದ್ದ ನನ್ನ ತಂಗಿ ಮಂಜುಳನಿಗೆ ಫೋನು ಮಾಡಿ, ಒಂದು ರಾತ್ರಿಯ ಮಟ್ಟಿಗೆ ದೊಡ್ಡವ್ವನನ್ನು ಕಳಿಸುತ್ತೇನೆ ಎಂದೆ. ಅವಳು ಸಂತೋಷವಾಗಿಯೇ ಒಪ್ಪಿದಳು. ಸರೋಜ ಮಾತ್ರ, 'ಈ ಚಳೀಲಿ ಯಾಕ್ರಿ ಅವರನ್ನ ಅಲ್ಲಾಡಿಸ್ತೀರ? ಒಳಗಿನ ರೂಮಲ್ಲಿ ಮಲಗ್ಲಿ ಬಿಡಿ' ಎಂದಳು. ಹಾಳೆಯ ಕೊನೆಯ ಸಾಲನ್ನು ಅವಳ ಮುಂದೆ ಹಿಡಿದೆ. ಮೇಷ್ಟ್ರ ಹೆಂಡತಿ, ಬರಹದಲ್ಲಿದ್ದದ್ದಕ್ಕೆ ಎದುರಾಡಲಿಲ್ಲ.

ಸಂಜೆ ಐದಕ್ಕೆ ಆಟೋ ಬಂತು. ಸರೋಜ ಜೊತೆಗೆ ಹೋಗಿ ಬಸ್ಸಿನಲ್ಲಿ ಶಾಂತಿಗ್ರಾಮದವರೆಗೆ ಬಿಟ್ಟು ಬರುವುದೆಂದಾಗಿತ್ತು. ನಾನೇ ಹೋಗಬಹುದಿತ್ತು, ಆದರೆ ಬೀರು ಎಳೆಯುವುದಿತ್ತಲ್ಲ. ದೊಡ್ಡವ್ವನಿಗೆ ಶಾಲು ಹೊದಿಸಿ ಬಾಗಿಲವರೆಗೆ ಕರೆತಂದೆ.

'ಎಲ್ಲಿಗ್ಲಾ ಮಗ?' ಎಂದಳು.

'ಮಂಜುಳನ ಮನೆಗೆ ದೊಡ್ಡವ್ವ. ಒಂದೇ ದಿನ. ನಾಳೆ ಬಂದು ಕರ್ಕೊಂಡ್ ಬತ್ತೀನಿ.'

'ಯಾಕ್ಲಾ? ನಾನೇನ್ ಮಾಡ್ದೆ?'

ಏನೂ ಇಲ್ಲ, ಇನ್‌ಸ್ಪೆಕ್ಷನ್ ಎಂದೆ. ಅವಳಿಗೆ ಏನು ಅರ್ಥವಾಯಿತೋ, ಎಡಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತುಬಿಟ್ಟಳು. ಸರೋಜ ಆಗಲೇ ಆಟೋದಲ್ಲಿ ಕೂತಿದ್ದಳು. ಆಟೋದವನು ಹಾರ್ನ್ ಮಾಡಿದ. ಎದುರು ಮನೆಯವರು ಗೇಟಿನ ಹತ್ತಿರ ಬಂದು ನೋಡತೊಡಗಿದರು. ನನಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಬಲಗೈಯಿಂದ ಅವಳ ಬೆರಳುಗಳನ್ನು ಚೌಕಟ್ಟಿನಿಂದ ಬಿಡಿಸಿದೆ. ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಡಿಸಿದೆ. ಕೊನೆಯ ಬೆರಳು ಬಿಟ್ಟ ಕೂಡಲೇ ಆ ಕೈ ನನ್ನ ಕೈಯನ್ನೇ ಗಟ್ಟಿಯಾಗಿ ಹಿಡಿಯಿತು. ನಾನು ಕೊಸರಿಕೊಂಡು ಅವಳನ್ನು ಆಟೋಗೆ ಹತ್ತಿಸಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲವೇನೋ.

ಸರೋಜ ಎಂಟು ಗಂಟೆಗೆ ವಾಪಸು ಬಂದಳು. ಹೋಟೆಲಿನಿಂದ ತಂದ ಇಡ್ಲಿಯನ್ನು ನಿಂತೇ ತಿಂದು ಮಲಗಿದಳು. ನಾನು ಬೀರು ಎಳೆದು, ಫೋಟೋಗಳನ್ನು ಇಳಿಸಿ, ಕಿಟಕಿಗಳ ಸಂದಿಗೆ ಪೇಪರು ತುರುಕಿ ಹಾಳೆಯಲ್ಲಿದ್ದ ಒಂದೊಂದಕ್ಕೂ ಪೆನ್ಸಿಲಿನಲ್ಲಿ ಟಿಕ್ ಹಾಕಿದೆ. ಕೊನೆಯ ಸಾಲಿಗೂ ಹಾಕಿದೆ.

ಹರೀಶ ಹೇಳಿದ ಹೊತ್ತಿಗೆ ಸರಿಯಾಗಿ, ಮಂಕಿ ಕ್ಯಾಪು ಹಾಕಿಕೊಂಡು ಬಂದ. ಹೊರಗೆ ಕೊರೆಯುವ ಚಳಿ, ಇನ್ನೂ ಬೆಳಕು ಹರಿದಿರಲಿಲ್ಲ. ಕ್ಯಾಮೆರಾದ ಹಿಂದೆ ಅಂಗೈಯಗಲದ ಪರದೆಯಿತ್ತು. ಸರೋಜಳೂ ಸೇರಿ ಮೂವರೂ ಒಬ್ಬರ ಹೆಗಲ ಮೇಲೆ ಒಬ್ಬರು ಬಗ್ಗಿ ನೋಡುತ್ತಾ ಹೊರಟೆವು. ಮೊದಲು ಬಚ್ಚಲ ಪಕ್ಕದ ಗೋಡೆ. ಹೊಸ ಡಿಸ್ಟೆಂಪರಿನ ಅಡಿಯಲ್ಲಿ ತೇವವೆಲ್ಲ ಕಡು ನೀಲಿಯಾಗಿ ಹರಡಿಕೊಂಡು ಕಂಡಿತು. 'ಬಣ್ಣ ಹೊಡ್ಸಿದ್ರಾ ಸಾರ್? ಕಣ್ಣಿಗೆ ಮುಚ್ಚಬಹುದು, ಇದಕ್ಕೆ ಆಗಲ್ಲ' ಎಂದು ಹರೀಶ ನಕ್ಕ. ತಾರಸಿಯ ಮೂಲೆಯಲ್ಲೂ ಒಂದು ಕಡೆ ಹುಳುಕು ಸಿಕ್ಕಿತು. ನನ್ನ ಮಾದರಿ ಮನೆ ಹತ್ತು ನಿಮಿಷದಲ್ಲಿ ಮುಗಿದುಹೋಯಿತು.

ಹಾಲಿಗೆ ಬಂದೆವು. ದೊಡ್ಡವ್ವನ ಮಂಚ ಇರುತ್ತಿದ್ದ ಗೋಡೆಯ ಮೇಲೆ ಏನೋ ಕಂಡಿರಬೇಕು ಎಂದು ನೀವು ಊಹಿಸುತ್ತಿದ್ದರೆ, ಇಲ್ಲ. ಅದು ಉಳಿದ ಗೋಡೆಗಳ ಹಾಗೆ ನೀಲಿಯಾಗಿ ಸುಮ್ಮನಿತ್ತು. ಹರೀಶ, 'ಸಾರ್, ಇಲ್ಲಿ ನಿಮ್ಮ ಕೈ ಒತ್ತಿ ಇಟ್ಟು ತೆಗೀರಿ. ಅಂಗೈ ಗುರುತು ಗೋಡೆ ಮೇಲೆ ಸ್ವಲ್ಪ ಹೊತ್ತು ಕಾಣುತ್ತೆ, ಹುಡುಗ್ರಿಗೆ ತೋರ್ಸೋಕೆ ಒಂದು ಫೋಟೋ ಆಗುತ್ತೆ' ಎಂದ. ನಾನು ಬಲಗೈ ಒತ್ತಿ, ನಿಧಾನವಾಗಿ ಮೂವತ್ತರವರೆಗೆ ಎಣಿಸಿ ತೆಗೆದೆ.

ಗೋಡೆಯ ಮೇಲೆ ಏನೂ ಇರಲಿಲ್ಲ.

ಸರಿಯಾಗಿ ಒತ್ತಲಿಲ್ಲವೇನೋ ಎಂದು ಇನ್ನೊಮ್ಮೆ ಇಟ್ಟೆ. ಇಲ್ಲ. ಹರೀಶ ತನ್ನ ಕೈ ಇಟ್ಟು ತೆಗೆದ. ಐದು ಬೆರಳು, ಅಂಗೈ ಎಲ್ಲ ಕಿತ್ತಳೆ ಬಣ್ಣದಲ್ಲಿ ಮೂಡಿ ನಿಧಾನಕ್ಕೆ ಮಾಸಿತು. ಸರೋಜಳದೂ ಮೂಡಿತು, ಬಳೆಯ ಗುರುತಿನ ಸಮೇತ. ನಾನು ಎಡಗೈ ಇಟ್ಟೆ, ಮೂಡಿತು. ಬಲಗೈ ಇಟ್ಟೆ, ಮೂಡಲಿಲ್ಲ. ಹರೀಶ ಕ್ಯಾಮೆರಾವನ್ನು ಗೋಡೆಯಿಂದ ನನ್ನ ಕಡೆಗೆ ತಿರುಗಿಸಿದ. ಕೈಯನ್ನು ಗೋಡೆಯ ಮುಂದೆ ಚಾಚಿಕೊಂಡೇ ನಾನೂ ಪಕ್ಕಕ್ಕೆ ಬಗ್ಗಿ ಇಣುಕಿದೆ. ಪರದೆಯಲ್ಲಿ ನನ್ನ ಅಂಗಿಯ ತೋಳಿತ್ತು, ಅದರಾಚೆಗೆ ಮಣಿಕಟ್ಟಿನ ಸಣ್ಣ ಅಂಚು ಹಳದಿಯಾಗಿತ್ತು. ಅಲ್ಲಿಂದ ಮುಂದೆ ಬರೀ ಗೋಡೆಯ ನೀಲಿ. ಬೆರಳು ಆಡಿಸಿದೆ. ನನ್ನ ಕಣ್ಣಿನೆದುರು ಬೆರಳುಗಳು ಆಡುತ್ತಿದ್ದವು, ಪರದೆಯಲ್ಲಿ ಏನೂ ಆಡುತ್ತಿರಲಿಲ್ಲ.

'ಕೈ ತುಂಬಾ ತಣ್ಣಗಾಗಿದೆಯಾ ಸಾರ್?' ಎಂದು ಹರೀಶ ಮುಟ್ಟಿ ನೋಡಿದ. ಆಮೇಲೆ ತನ್ನ ಕೈಯನ್ನು ಬೇಗ ಹಿಂದಕ್ಕೆ ತೆಗೆದುಕೊಂಡ. ಸರೋಜ ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, 'ಬೆಚ್ಚಗೇ ಇದೆಯಲ್ರಿ' ಎಂದಳು. ನನಗೂ ಹಾಗೇ ಅನ್ನಿಸುತ್ತಿತ್ತು, ಮರಗಟ್ಟಿರಲಿಲ್ಲ, ನೋವೂ ಇರಲಿಲ್ಲ. ಬಣ್ಣವೋ ಎಣ್ಣೆಯೋ ಮೆತ್ತಿದ್ದರೆ ಯಂತ್ರ ಮೋಸ ಹೋಗಬಹುದು ಎಂದು ಹರೀಶ ಹೇಳಿದ. ಸೋಪು ಹಾಕಿ ತೊಳೆದು, ಟವೆಲಿನಲ್ಲಿ ಒರೆಸಿ, ಒಣಗಿಸಿಕೊಂಡು ಬಂದೆ. ಅಷ್ಟೇ. ಕ್ಯಾಮೆರಾ ಆರಿಸಿ ಮತ್ತೆ ಹಾಕಿದ. ಅಷ್ಟೇ.

ಹರೀಶ ಏನು ಮಾಡಲೂ ತೋಚದೆ ಸುತ್ತ ನೋಡಿ, 'ದೊಡ್ಡವ್ವ ಎಲ್ಲಿ ಸಾರ್, ಕಾಣ್ತಿಲ್ಲ?' ಎಂದ. ನಮ್ಮ ಮನೆಗೆ ಬಂದು ಹೋಗಿ ಮಾಡುತ್ತಿದ್ದುದರಿಂದ ಅವನಿಗೂ ಅವಳು ದೊಡ್ಡವ್ವನೇ.

'ಕಳಿಸಿದೀನಪ್ಪ, ನೀನೇ ಬರೆದಿದ್ದೆಯಲ್ಲ. ಶಾಖ ಕೊಡುವ ಎಲ್ಲವನ್ನೂ ಹೊರಗಿಡಿ ಅಂತ.'

'ಅಯ್ಯೋ, ಅದು ಕುಕ್ಕರ್ರು, ಇಸ್ತ್ರಿ ಪೆಟ್ಟಿಗೆಗೆ ಬರೆದಿದ್ದು ಸಾರ್! ಮನೇಲಿ ಜನ ಇದ್ರೆ ಏನಾಗುತ್ತೆ? ಈಗ ನಾವು ಮೂರು ಜನ ಇಲ್ವಾ?'

ಹೌದು, ನಾವು ಮೂವರಿದ್ದೆವು. ಶಾಖ ಕೊಡುತ್ತಾ ಗೋಡೆಯ ಪಕ್ಕದಲ್ಲೇ ನಿಂತಿದ್ದೆವು. ವಿಜ್ಞಾನದ ಮೇಷ್ಟ್ರಿಗೆ ಇದು ಹೊಳೆದಿರಲಿಲ್ಲ. ಒಂದೇ ಒಂದು ಸಲ ಫೋನು ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ ಏಕೆಂದರೆ ಅವನು ಬೇಡ ಎನ್ನುತ್ತಾನೆಂದು ನನಗೆ ಒಳಗೊಳಗೇ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಹಾಲಿನಲ್ಲಿ ಕೆಮ್ಮುತ್ತಾ ಕೆಂಡ ಕೆದಕುವ ಮುದುಕಿಯನ್ನು ನನ್ನ ಶಿಷ್ಯನ ವರದಿಗೆ ತೋರಿಸಲು ನನಗೆ ಮನಸ್ಸಿರಲಿಲ್ಲ. ಹಾಳೆ ಒಂದು ನೆಪ. ಸರೋಜ ನನ್ನ ಕೈಯಿಂದ ಟವೆಲು ತೆಗೆದುಕೊಂಡು ಒಳಗೆ ಹೋದಳು.

ಹರೀಶ ನನ್ನ ಕೈಯ ಚಿತ್ರಗಳನ್ನೂ ತೆಗೆದಿದ್ದ. 'ಅದೆಲ್ಲ ಅಳಿಸಿಬಿಡಪ್ಪ' ಎಂದೆ. ಅವನು ಅನುಮಾನಿಸಿದ, ಬೆಂಗಳೂರಿನಲ್ಲಿ ತಿಳಿದವರಿಗೆ ತೋರಿಸೋಣ ಎಂದ. ನಾನು ಎದುರಿಗೆ ನಿಂತು ಅಳಿಸಿಹಾಕಿಸಿದೆ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ದಾಖಲಿಸಬೇಕು ಎಂದು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟ ಬಾಯಿಯಿಂದಲೇ ಆ ಮಾತು ಬಂತು. ಆದ್ದರಿಂದ ನಿಮಗೆ ತೋರಿಸಲು ನನ್ನ ಹತ್ತಿರ ಏನೂ ಪುರಾವೆಯಿಲ್ಲ.

ಏಳೂವರೆಯ ಬಸ್ಸಿಗೆ ಶಾಂತಿಗ್ರಾಮಕ್ಕೆ ಹೋದೆ. ಬಸ್ಸಿನ ಕಂಬಿ ಹಿಡಿದಾಗ ಕಂಬಿ ತಣ್ಣಗೆ ತಾಗಿತು, ಅಂದರೆ ಕೈ ಬೆಚ್ಚಗೇ ಇತ್ತು. ಇಂಥ ಪರೀಕ್ಷೆಗಳನ್ನೆಲ್ಲ ದಾರಿಯುದ್ದಕ್ಕೂ ಮಾಡುತ್ತಿದ್ದೆ. ಕೈಗಿಂತ ಹೆಚ್ಚಾಗಿ ದೊಡ್ಡವ್ವನಿಗೆ ಏನಾದರೂ ಆಗಿದ್ದರೆ ಎಂಬ ಭಯ. ಮಂಜುಳನ ಮನೆಯ ಜಗಲಿಯ ಮೇಲೆ ಅವರೆಕಾಯಿ ರಾಶಿಯ ಮುಂದೆ ಅವಳು ಕೂತಿರುವುದು ರಸ್ತೆಯಿಂದಲೇ ಕಂಡಾಗ ಹೆಜ್ಜೆ ನಿಧಾನ ಮಾಡಿದೆ. ಆರಾಮವಾಗಿ ಕಾಯಿ ಸುಲಿಯುತ್ತಿದ್ದಳು. ಶಾಲು ಪಕ್ಕದಲ್ಲಿ ಬಿದ್ದಿತ್ತು.

ಮಂಜುಳ ಹಾಲಿನ ಕ್ಯಾನು ತೊಳೆಯುತ್ತಿದ್ದವಳು ನನ್ನನ್ನು ಕಂಡು ಬಂದು ದನಿ ತಗ್ಗಿಸಿದಳು. 'ಅಣ್ಣ, ಒಂದು ವಿಚಿತ್ರ ಕಣಣ್ಣ. ರಾತ್ರಿ ಕೆಂಡ ಆಕ್ಕೊಡ್ತೀನಿ ಅಂದ್ರೆ ಬ್ಯಾಡ ಅಂದ್ಬುಟ್ಲು. ಎಡಗೈ ಒಂದ್ನ ರಗ್ಗಿಂದ ಈಚೆಗೆ ಚಾಚ್ಕೊಂಡೇ ಮನೀಕಂಡ್ಲು. ಒಳೀಕ್ಕೆ ಇಕ್ಕನ ಅಂತ ಮುಟ್ಟುದ್ರೆ ಬಿಸಿ ಅಂದ್ರೆ ಬಿಸಿ. ಜ್ವರ ಬಂತೇನೋ ಅಂತ ನೆತ್ತಿ ಮುಟ್ದೆ, ನೆತ್ತಿ ತಣ್ಣಗೈತೆ. ಬಲಗೈನೂ ತಣ್ಣಗೈತೆ. ಆ ಒಂದು ಕೈ ಮಾತ್ರ ಅಂಗಿತ್ತು. ಬೆಳಿಗ್ಗೆ ನೋಡುದ್ರೆ ಅದೂ ತಣ್ಣಗಾಗೈತೆ.'

ನನ್ನ ಕೈಯ ವಿಷಯ ನಾನು ಇನ್ನೂ ಅವಳಿಗೆ ಹೇಳಿರಲಿಲ್ಲ. ಫೋನಿನಲ್ಲೂ ಯಾರೂ ಹೇಳಿರಲಿಲ್ಲ. ಇದನ್ನು ಆಮೇಲೆ ಸರೋಜಳನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ.

ನಾನು ಹೋಗಿ ದೊಡ್ಡವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಏನು ಬೇಕಾದರೂ ಕೇಳಿಸಿಕೊಳ್ಳಲು ಸಿದ್ಧನಾಗಿದ್ದೆ. ಅವಳು ತುಸು ಮುನಿಸಿನಿಂದ ಕೇಳಿದಳು.

'ಯಾವಾಗ್ಲಾ ಎದ್ದೋದೆ? ರಾತ್ರಿಯೆಲ್ಲಾ ಕೈ ಇಡ್ಕಂಡು ಕೂತಿದ್ದಲ್ಲ. ಬೆಳಿಗ್ಗೆ ಕಣ್ಬುಟ್ರೆ ನೀನೇ ಇಲ್ಲ.'

'ಈಗ ಬಂದಿದೀನಲ್ಲ ದೊಡ್ಡವ್ವ, ಮನೆಗೋಗನ ನಡಿ' ಎಂದೆ. ಬಸ್ಸಿನಲ್ಲಿ ಅವಳ ಎಡಗೈಯನ್ನು ನನ್ನ ಬಲಗೈಯಲ್ಲಿ ಹಿಡಿದುಕೊಂಡು ಕೂತೆ. ಎಂದಿನಂತೆ ತಣ್ಣಗಿತ್ತು.

ಅದೇ ಸಂಜೆ ಹೊರಗೋಡೆಯ ಚಿತ್ರ ಬೇಕೆಂದು ಹರೀಶ ಮತ್ತೆ ಬಂದ. ಕೇಳುವ ಮೊದಲೇ ಕ್ಯಾಮೆರಾವನ್ನು ನನ್ನ ಬಲಗೈಯ ಕಡೆಗೆ ತಿರುಗಿಸಿ ಹಿಡಿದ. ಐದೂ ಬೆರಳು ಕಿತ್ತಳೆ ಬಣ್ಣದಲ್ಲಿ ಚೆನ್ನಾಗಿ ಕಂಡವು. ದೊಡ್ಡವ್ವನ ಬಾಂಡ್ಲಿ ಹಾಲಿನಲ್ಲಿ ಉರಿಯುತ್ತಿತ್ತು.

ಬಿಡಿಬಿಡಿಯಾಗಿ ನೋಡಿದರೆ ಎಲ್ಲಕ್ಕೂ ಉತ್ತರವಿದೆ, ಅದನ್ನು ನಾನೇ ಬರೆದುಕೊಂಡು ನೋಡಿದ್ದೇನೆ. ಎರವಲು ತಂದ ಯಂತ್ರ, ಏನೋ ದೋಷವಿದ್ದಿರಬಹುದು. ಆದರೆ ಅದು ಎಡಗೈ ತೋರಿಸಿ ಬಲಗೈಯನ್ನು ಮಾತ್ರ ಏಕೆ ಬಿಟ್ಟಿತು? ಮಂಜುಳ ಹಿಗ್ಗಿಸಿ ಹೇಳುವ ಸ್ವಭಾವದವಳು ಇರಬಹುದು. ಆದರೆ ಅವಳೇಕೆ ಎಡಗೈ ಎಂದೇ ಹೇಳಬೇಕು? ದೊಡ್ಡವ್ವನ ಮಾತಿಗಂತೂ ವಯಸ್ಸಿನ ಕಾರಣ ಕೊಟ್ಟು ಮುಗಿಸಬಹುದು. ಮೂರನ್ನೂ ಒಟ್ಟಿಗೆ ಇಟ್ಟಾಗ ನನ್ನ ಭೌತಶಾಸ್ತ್ರ ಕೈಕಟ್ಟಿ ನಿಲ್ಲುತ್ತದೆ. ನಂಬಿದೆ ಎನ್ನಲೂ ಆಗುತ್ತಿಲ್ಲ, ನಂಬುವುದಿಲ್ಲ ಎನ್ನುವ ಧೈರ್ಯವೂ ಇಲ್ಲ.

ದೊಡ್ಡವ್ವ ಆಮೇಲೆ ಎರಡು ವರ್ಷ ಬದುಕಿದ್ದಳು. ಬೇರೆ ಎಷ್ಟೋ ಮರೆತಳು, ಕೊನೆಗೆ ನನ್ನ ತಾಯಿಯ ಹೆಸರನ್ನೂ ಮರೆತಳು. ಆದರೆ ಆ ಒಂದು ಸಂಜೆಯನ್ನು ಮರೆಯಲಿಲ್ಲ. ಮನೆಗೆ ಯಾರು ಬಂದರೂ ಹತ್ತಿರ ಕೂರಿಸಿಕೊಂಡು, 'ಬಾಗ್ಲತಾವ ಬಿದ್ಬುಡ್ತೀನಿ ಅಂತ ನನ್ ಮಗ ಓಡ್ಬಂದು ಕೈ ಇಡ್ಕಂಡ ಕಣವ್ವ, ಒಂದೊಂದು ಬೆರಳೂ ಇಡ್ಕಂಡ, ಬೆಳಗಾಗಗಂಟ ಬುಡ್ನಿಲ್ಲ' ಎಂದು ಹೇಳುತ್ತಿದ್ದಳು. ಬಂದವರು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. 'ಅಲ್ಲ ದೊಡ್ಡವ್ವ, ನಾನು ಬಿಡಿಸಿದ್ದು, ಹಿಡಿದದ್ದಲ್ಲ' ಎಂದು ಒಂದು ಸಲವೂ ನಾನು ಹೇಳಲಿಲ್ಲ. ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದೆ. ಆಟೋದಲ್ಲಿ ಕೂತು ಎಲ್ಲವನ್ನೂ ಕಂಡಿದ್ದ ಸರೋಜ ಆ ಹೊತ್ತಿನಲ್ಲಿ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.